ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆಯೇ?

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮನೆಕೆಲಸ ಮುಗಿಸಿ, ಮಕ್ಕಳಿಗೆ ಬುತ್ತಿ ಕಟ್ಟಿ, ಬಸ್ಸಿಗೆ ಕಾದು ನಾಲ್ಕು ತಾಲ್ಲೂಕುಗಳಿಂದ ಬಂದಿದ್ದೀರಿ. ಎಲ್ಲರಿಗಿಂತ ದೂರದಿಂದ ಬಂದವರು ಜಗಳೂರಿನವರು, ಎಲ್ಲರಿಗಿಂತ ಮೊದಲು ಬಂದು ಕೂತವರೂ ಅವರೇ.

ಹೋದ ತಿಂಗಳ ಒಕ್ಕೂಟದ ಸಭೆಯಲ್ಲಿ ಒಬ್ಬ ಸದಸ್ಯೆ ಎದ್ದು ನಿಂತು ಕೇಳಿದರು: "ಸಿಸ್ಟರ್, ಯೂಟ್ಯೂಬ್‌ನಾಗೆ ಕ್ರಿಪ್ಟೋ ಬಗ್ಗೆ ಧೈರ್ಯವಾಗಿ ಮಾತಾಡೋರೆಲ್ಲ ಕಾರಲ್ಲಿ ಓಡಾಡ್ತಾರೆ. ನಾವು ಹೆದರ್ಕೊಂಡು ಸುಮ್ನೆ ಕೂತಿರೋದ್ರಿಂದಲೇ ಹಿಂಗೇ ಉಳಿದ್ವಾ?" ಸಭೆಯಲ್ಲಿ ಕೆಲವರು ನಕ್ಕರು. ನಮಗೆ ಮಾತ್ರ ನಗು ಬರಲಿಲ್ಲ. ಅಂದು ಸರಿಯಾದ ಉತ್ತರವನ್ನೂ ಕೊಡಲಿಲ್ಲ. ಅದಕ್ಕೇ ಇವತ್ತು ಈ ವಿಷಯ ಇಟ್ಟುಕೊಂಡಿದ್ದೇವೆ.

ಈ ಪ್ರಶ್ನೆ ನಮಗೆ ಚುಚ್ಚಿದ್ದಕ್ಕೆ ಕಾರಣ ಇದೆ. ಇಷ್ಟು ವರ್ಷ ನಾವು ನಿಮಗೆ ಹೇಳಿಕೊಟ್ಟ ಮೊದಲ ಪಾಠವೇ ಮಾತಾಡಿ ಅನ್ನೋದು. ಸೆರಗು ಬಾಯಿಗೆ ಅಡ್ಡ ಇಟ್ಟುಕೊಳ್ಳಬೇಡಿ, ಹೆಸರು ಕೇಳಿದರೆ ಗಟ್ಟಿಯಾಗಿ ಹೇಳಿ, ಬ್ಯಾಂಕಿನ ಮ್ಯಾನೇಜರ್ ಮುಂದೆ ಕುರ್ಚಿ ಎಳೆದುಕೊಂಡು ಕೂತು ಮಾತಾಡಿ ಅಂದೆವು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನು ಎಷ್ಟು ತರಬೇತಿಗಳಲ್ಲಿ ಹೇಳಿದ್ದೇವೋ ಲೆಕ್ಕವಿಲ್ಲ. ಬರ ಕಂಡ ಜಗಳೂರಿನ ಅಕ್ಕಂದಿರಿಗೆ ಅದನ್ನು ಬಿಡಿಸಿ ಹೇಳುವುದೂ ಬೇಕಿರಲಿಲ್ಲ. ಈಗ ಅದೇ ಗಾದೆಯನ್ನು ಇನ್ಯಾರೋ ಮೊಬೈಲಿನಲ್ಲಿ ನಿಮಗೆ ಹೇಳುತ್ತಿದ್ದಾರೆ.

ಮೊದಲು ನಮ್ಮದೇ ಒಂದು ಸಂಘದ ಕಥೆ ಹೇಳುತ್ತೇವೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ತಾಲ್ಲೂಕು, ಯಾವ ಊರು ಎಂದು ಹೇಳುವುದಿಲ್ಲ. ಗೊತ್ತಿದ್ದವರು ದಯವಿಟ್ಟು ಪಕ್ಕದವರ ಕಿವಿಯಲ್ಲಿ ಹೇಳಬೇಡಿ.

ಹದಿನಾರು ಜನರ ಸಂಘ. ಆ ಅಕ್ಕ ಮೊದಲ ಸಭೆಗೆ ಬಂದಾಗ ತನ್ನ ಹೆಸರು ಹೇಳಲಿಕ್ಕೂ ನಾಚಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಐದಾರು ವರ್ಷದಲ್ಲಿ ಗ್ರಾಮಸಭೆಯಲ್ಲಿ ಎದ್ದು ನಿಂತು, ಬೀದಿದೀಪದ ಬಿಲ್ಲು ತೋರಿಸಿ, "ದೀಪ ಎಲ್ಲೈತ್ರೀ?" ಎಂದು ಕೇಳುವ ಹಾಗಾದಳು. ದೀಪ ಬಂತು. ಮಹಿಳಾ ದಿನದಂದು ನಾವು ಆಕೆಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿದೆವು. ಅವಳು ಹೇಳಿದರೆ ಸಂಘದಲ್ಲಿ ಎರಡು ಮಾತಿರಲಿಲ್ಲ. ಒಕ್ಕೂಟದ ಪ್ರತಿನಿಧಿಯೂ ಆದಳು.

2023ರಲ್ಲಿ ಆಕೆಯ ಸಂಬಂಧಿಕರ ಹುಡುಗನೊಬ್ಬ ಊರಿಗೆ ಬಂದವನು ಫೋನಿಗೆ ಒಂದು ಆಪ್ ಹಾಕಿಕೊಟ್ಟ. ಇದು ಕ್ರಿಪ್ಟೋ, ಕಂಪ್ಯೂಟರೇ ಕೊಂಡು ಕಂಪ್ಯೂಟರೇ ಮಾರುತ್ತೆ, ನೀವು ಬರೀ ದುಡ್ಡು ಹಾಕಿದರೆ ಸಾಕು ಅಂದ. ಆಕೆ ಹತ್ತು ಸಾವಿರ ಹಾಕಿದಳು. ತಿಂಗಳಿಗೆ ಹದಿನಾಲ್ಕು ಸಾವಿರ ಎಂದು ತೋರಿಸಿತು. ಎರಡು ಸಾವಿರ ತೆಗೆದು ನೋಡಿದಳು, ಬ್ಯಾಂಕ್ ಖಾತೆಗೆ ಬಂತು. ಅಷ್ಟೇ ಸಾಕಾಯಿತು. ಮುಂದಿನ ವಾರದ ಸಭೆಯಲ್ಲಿ ಗ್ರಾಮಸಭೆಯಲ್ಲಿ ಮಾತಾಡಿದ ಅದೇ ದನಿಯಲ್ಲಿ ಮಾತಾಡಿದಳು. "ಹೆದರೋರು ಯಾವತ್ತೂ ಮುಂದೆ ಬರಲ್ಲ. ನಾನೂ ಹೆದರಿದ್ರೆ ಇವತ್ತೂ ಗೋಡೆಗೆ ಒರಗಿ ಕೂತಿರ್ತಿದ್ದೆ" ಅಂದಳು. ಒಬ್ಬಳು ಮಾತ್ರ, ಅವಳು ಸಂಘದಲ್ಲಿ ಬಾಯಿ ಬಿಡುವುದೇ ಅಪರೂಪ, ಮೆಲ್ಲಗೆ ಕೇಳಿದಳು: "ಅಕ್ಕಾ, ಎರಡು ಸಾವಿರ ಬಂತು ಸರಿ. ಪೂರಾ ದುಡ್ಡು ತೆಗೆಯಕ್ಕೆ ಬರುತ್ತಾ?" ಎಲ್ಲರೂ ಗೊಳ್ಳೆಂದು ನಕ್ಕರಂತೆ.

ಒಂಬತ್ತು ಜನ ಹಣ ಹಾಕಿದರು. ಮೂವರು ಸಂಘದ ಆಂತರಿಕ ಸಾಲ ತೆಗೆದರು. ನಡಾವಳಿ ಪುಸ್ತಕದಲ್ಲಿ "ಹಸು ಖರೀದಿಗೆ" ಎಂದು ಬರೆದಿದೆ. ಒಬ್ಬಳು ಬೆಂಡೋಲೆ ಅಡ ಇಟ್ಟಳು. ಇಬ್ಬರು ಗೃಹಲಕ್ಷ್ಮಿ ಹಣವನ್ನು ಹಾಗೇ ಕೂಡಿಟ್ಟು ಹಾಕಿದರು. ಎರಡೂವರೆ ತಿಂಗಳ ನಂತರ ಒಬ್ಬಳಿಗೆ ಮಗಳ ಕಾಲೇಜಿನ ಫೀಸಿಗೆ ಹಣ ಬೇಕಾಯಿತು. ತೆಗೆಯಲು ಹೋದರೆ, ಮೊದಲು ತೆರಿಗೆ ಕಟ್ಟಿ, ಆಮೇಲೆ ಹಣ ಬಿಡ್ತೀವಿ ಎಂಬ ಸಂದೇಶ ಬಂತು. ಇಬ್ಬರು ಆ 'ತೆರಿಗೆ'ಯನ್ನೂ ಕಟ್ಟಿದರು. ಆಮೇಲೆ ಆಪ್ ತೆರೆಯಲೇ ಇಲ್ಲ. ಒಟ್ಟು ಹೋದದ್ದು 1,86,000 ರೂಪಾಯಿ. ಹದಿನಾರು ಜನ ವಾರಕ್ಕೆ 50 ರೂಪಾಯಿಯಂತೆ ಉಳಿಸಿದರೆ ವರ್ಷಕ್ಕೆ 41,600 ಆಗುತ್ತದೆ. ಅಂದರೆ ಸಂಘದ ನಾಲ್ಕು ವರ್ಷಕ್ಕೂ ಹೆಚ್ಚಿನ ಉಳಿತಾಯ ಎರಡೂವರೆ ತಿಂಗಳಲ್ಲಿ ಹೋಯಿತು. ಅದರಲ್ಲಿ ಆ ಅಕ್ಕನದೇ 52 ಸಾವಿರ ಇತ್ತು. ಆಕೆ ಮೋಸಗಾರ್ತಿ ಅಲ್ಲ. ತಾನು ಹೇಳಿದ್ದನ್ನು ತಾನೂ ನಂಬಿದ್ದಳು.

ಈಗ ಕ್ರಿಪ್ಟೋ ಅಂದರೆ ಏನು ಎಂದು ಸ್ವಲ್ಪ ನೋಡೋಣ. ಬಿಟ್‌ಕಾಯಿನ್ ಎಂಬುದು 2009ರಲ್ಲಿ ಶುರುವಾಯಿತು. ನಮ್ಮ ಸಂಘದ ಲೆಕ್ಕದ ಪುಸ್ತಕ ಒಬ್ಬರ ಹತ್ತಿರ ಇರುತ್ತದೆ. ಅದರ ಬದಲು ಹದಿನಾರು ಜನರ ಮನೆಯಲ್ಲೂ ಅದೇ ಪುಸ್ತಕದ ಒಂದೊಂದು ಪ್ರತಿ ಇದ್ದು, ಒಬ್ಬರು ತಿದ್ದಿದರೆ ಉಳಿದವರಿಗೆ ಗೊತ್ತಾಗುವ ಹಾಗಿದ್ದರೆ ಹೇಗೋ ಹಾಗೆ, ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಇರುವ ಲೆಕ್ಕ ಅದು. ತಂತ್ರಜ್ಞಾನ ಸುಳ್ಳಲ್ಲ. ಆದರೆ ಅದರ ಬೆಲೆಗೆ ಹಿಂದೆ ಸರ್ಕಾರವಿಲ್ಲ, ಹೊಲವಿಲ್ಲ, ಅಂಗಡಿಯಿಲ್ಲ. ಇನ್ನೊಬ್ಬ ಎಷ್ಟಕ್ಕೆ ಕೊಳ್ಳುತ್ತಾನೋ ಅಷ್ಟೇ ಅದರ ಬೆಲೆ. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ ಸುಮಾರು 69 ಸಾವಿರ ಡಾಲರ್ ಇತ್ತು. ಒಂದೇ ವರ್ಷದಲ್ಲಿ 16 ಸಾವಿರಕ್ಕಿಂತ ಕೆಳಗೆ ಬಿತ್ತು. 2024ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ದಾಟಿತು. ಹಾಗಾಗಿ ಅದರಲ್ಲಿ ಲಾಭ ಮಾಡಿದವರು ಇದ್ದಾರೆ. ಇಲ್ಲ ಎಂದು ಹೇಳಿದರೆ ನಾವು ಸುಳ್ಳು ಹೇಳಿದಂತಾಗುತ್ತದೆ. ಕೊಂಡು, ಯಾರಿಗೂ ಹೇಳದೆ, ಮರೆತು ಕೂತವರಲ್ಲೂ ಲಾಭ ಮಾಡಿದವರಿದ್ದಾರೆ. ಅವರು ವಿಡಿಯೋ ಮಾಡುವುದಿಲ್ಲ, ಆದ್ದರಿಂದ ನಿಮಗೆ ಕಾಣುವುದಿಲ್ಲ.

ನಮ್ಮ ಸಂಘದವರು ಹಾಕಿದ್ದು ಆ ನಿಜವಾದ ಬಿಟ್‌ಕಾಯಿನ್‌ಗೂ ಅಲ್ಲ. ಆಪ್‌ನಲ್ಲಿ ಕಾಣುತ್ತಿದ್ದುದು ಬರೀ ಅಂಕಿ. ಇಂಥವು ಎಷ್ಟೋ ಬಂದಿವೆ. ಎಚ್‌ಪಿಜೆಡ್ ಟೋಕನ್ ಎಂಬ ಆಪ್ ಬಗ್ಗೆ ಜಾರಿ ನಿರ್ದೇಶನಾಲಯ ತನಿಖೆ ಮಾಡಿತು. 57 ಸಾವಿರ ಹಾಕಿದರೆ ಮೂರು ತಿಂಗಳು ದಿನಕ್ಕೆ 4 ಸಾವಿರ ಕೊಡುತ್ತೇವೆ ಎಂಬುದು ಅದರ ಆಸೆ. ಕೊಟ್ಟದ್ದು ಒಂದೇ ಸಲ, ಆಮೇಲೆ ಇನ್ನಷ್ಟು ಹಾಕಿ ಎಂದರು. ನೀವೇ ಲೆಕ್ಕ ಹಾಕಿ. ದಿನಕ್ಕೆ 4 ಸಾವಿರ, 90 ದಿನ, 3,60,000. ಯಾವ ಹಸು, ಯಾವ ಅಡಿಕೆ ತೋಟ 57 ಸಾವಿರಕ್ಕೆ ಮೂರು ತಿಂಗಳಲ್ಲಿ ಇಷ್ಟು ಕೊಡುತ್ತದೆ? ವಾರಕ್ಕೆ ಐವತ್ತು ರೂಪಾಯಿಯ ಲೆಕ್ಕ ತಪ್ಪಿದರೆ ರಾತ್ರಿ ನಿದ್ದೆ ಮಾಡದ ನೀವು, ಈ ಲೆಕ್ಕವನ್ನು ಯಾಕೆ ಹಾಕಲಿಲ್ಲ ಎಂಬುದೇ ನಮ್ಮ ಆಶ್ಚರ್ಯ. ನಮಗೆ ಹೊಳೆದ ಕಾರಣ ಒಂದೇ: ಹೇಳಿದವಳ ದನಿ ಗಟ್ಟಿಯಾಗಿತ್ತು.

ಹಾಗಾದರೆ ಗಟ್ಟಿ ದನಿಗೆ ಪ್ರಭಾವ ಇದೆಯೇ? ಇದೆ, ನಿಜವಾಗಿ ಇದೆ. ಡೋಜ್‌ಕಾಯಿನ್ ಎಂಬ ನಾಣ್ಯವನ್ನು 2013ರಲ್ಲಿ ಇಬ್ಬರು ತಮಾಷೆಗೆಂದು ಹುಟ್ಟುಹಾಕಿದರು. ಅದರ ಗುರುತು ಒಂದು ನಾಯಿಯ ಮುಖ. ಅಮೆರಿಕದ ದೊಡ್ಡ ಶ್ರೀಮಂತ ಇಲಾನ್ ಮಸ್ಕ್ 2021ರಲ್ಲಿ ಅದರ ಬಗ್ಗೆ ಒಂದೊಂದು ಸಾಲು ಬರೆದಾಗಲೂ ಬೆಲೆ ಜಿಗಿಯುತ್ತಿತ್ತು. ಆ ವರ್ಷ ಮೇ 8ರಂದು ಆತ ಒಂದು ಟಿ.ವಿ. ಹಾಸ್ಯ ಕಾರ್ಯಕ್ರಮಕ್ಕೆ ಬರುತ್ತಾನೆಂದು ಜನ ಮುಗಿಬಿದ್ದು ಕೊಂಡರು. ಕಾರ್ಯಕ್ರಮ ನಡೆಯುತ್ತಿರುವಾಗಲೇ ಬೆಲೆ ಇಳಿಯತೊಡಗಿತು, ಕೆಲವೇ ಗಂಟೆಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಬಿದ್ದಿತ್ತು. ಅವನ ಮಾತಿಗೆ ಬೆಲೆ ಏರಿಸುವ ಶಕ್ತಿ ಇತ್ತು. ಕೊನೆಗೆ ಕೊಂಡವರ ಹಣ ಉಳಿಸುವ ಶಕ್ತಿ ಇರಲಿಲ್ಲ.

ಚನ್ನಗಿರಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆ ಸೀಸನ್ ಬಂದರೆ ಅರಳಿಕಟ್ಟೆಯಲ್ಲಿ ಒಬ್ಬ ಇದ್ದೇ ಇರುತ್ತಾನೆ. "ರಾಶಿಗೆ ಈ ಸಲ ರೇಟು ಹಿಂಗೇ ಏರುತ್ತೆ, ಯಾರೂ ಮಾರಬೇಡ್ರಿ" ಎಂದು ಮೇಜು ಗುದ್ದಿ ಹೇಳುತ್ತಾನೆ. ಅವನು ತನ್ನ ಚೀಲಗಳನ್ನು ಹೋದ ವಾರವೇ ಮಾರಿದ್ದಾನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಆದರೂ ಅಡಿಕೆ ಅಡಿಕೆಯೇ. ರೇಟು ಬಿದ್ದರೂ ಗೋದಾಮಿನಲ್ಲಿ ಚೀಲ ಇರುತ್ತದೆ. ಕ್ರಿಪ್ಟೋದಲ್ಲಿ ಚೀಲವೇ ಇಲ್ಲ, ರೇಟು ಒಂದೇ ಇರುವುದು. ಅದರಲ್ಲೂ ಸಣ್ಣ ಸಣ್ಣ ನಾಣ್ಯಗಳಲ್ಲಿ ಹೀಗೆ ನಡೆಯುತ್ತದೆ: ಮಾತಾಡುವವನು ಮೊದಲೇ ಅಗ್ಗದಲ್ಲಿ ಕೊಂಡಿರುತ್ತಾನೆ. ಆಮೇಲೆ ಹೊಗಳುತ್ತಾನೆ. ನಂಬಿದವರು ಕೊಳ್ಳುತ್ತಾರೆ, ಬೆಲೆ ಏರುತ್ತದೆ. ಅವನು ಮಾರಿ ಹೊರಗೆ ಹೋಗುತ್ತಾನೆ. ಅವನಿಗೆ ನಿಮ್ಮ ಅಗತ್ಯ ಇರುವುದು ಕೊಳ್ಳುವವರಾಗಿ.

ವೆನಿಲ್ಲಾ ನೆನಪಿದೆಯೇ? ಇಲ್ಲಿ ಕೂತಿರುವ ಹಿರಿಯರಿಗೆ ನೆನಪಿರಬೇಕು. 2003-04ರ ಹೊತ್ತಿಗೆ ಹಸಿ ವೆನಿಲ್ಲಾ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಇತ್ತು. ಅಡಿಕೆ ತೋಟಗಳಲ್ಲಿ ಮರಮರಕ್ಕೂ ಬಳ್ಳಿ ಹಬ್ಬಿಸಿದರು. ಕಳ್ಳರ ಭಯಕ್ಕೆ ರಾತ್ರಿ ಕಾವಲು ಕಾದವರಿದ್ದರು. ಒಂದೆರಡು ವರ್ಷದಲ್ಲಿ ರೇಟು ಪಾತಾಳ ಕಂಡಿತು. ಆ ಕಾಲದಲ್ಲಿ ತಪ್ಪದೆ ದುಡ್ಡು ಮಾಡಿದವರು ಬಳ್ಳಿಯ ತುಂಡುಗಳನ್ನು ಮಾರಿದವರು. ವೆನಿಲ್ಲಾ ಬಗ್ಗೆ ಅತಿ ಜೋರಾಗಿ ಮಾತಾಡುತ್ತಿದ್ದವರೂ ಅವರೇ. ಇಂದಿನ ಯೂಟ್ಯೂಬ್ ಮಾತುಗಾರರಲ್ಲಿ ಹೆಚ್ಚಿನವರು ಬಳ್ಳಿಯ ತುಂಡು ಮಾರುವವರು ಎಂದು ತಿಳಿದುಕೊಳ್ಳಿ. ಅವರ ತರಗತಿಗೆ ಫೀಸು, ಅವರ ಲಿಂಕ್‌ನಿಂದ ಸೇರಿದರೆ ಕಮಿಷನ್, ಅವರ ವಿಡಿಯೋ ನೋಡಿದರೆ ಜಾಹೀರಾತಿನ ಹಣ. ಕಾರು ಬಂದದ್ದು ನಿಜವೇ ಇರಬಹುದು. ಟ್ರೇಡಿಂಗ್‌ನಿಂದ ಬಂತೇ ಎಂಬುದು ಪ್ರಶ್ನೆ.

ಇದಕ್ಕೆ ಸರ್ಕಾರಿ ದಾಖಲೆಯಲ್ಲೇ ಒಂದು ಉದಾಹರಣೆ ಇದೆ. ಇದು ಕ್ರಿಪ್ಟೋ ಅಲ್ಲ, ಷೇರು ವ್ಯವಹಾರದ್ದು, ಆದರೆ ಮನುಷ್ಯ ಅದೇ ಜಾತಿಯವನು. 'ಬಾಪ್ ಆಫ್ ಚಾರ್ಟ್' ಎಂಬ ಹೆಸರಿನಲ್ಲಿ ಒಬ್ಬಾತ ಷೇರು ಬಗ್ಗೆ ಭಾರಿ ಮಾತಾಡುತ್ತಿದ್ದ, ತರಗತಿ ನಡೆಸುತ್ತಿದ್ದ. ಷೇರುಪೇಟೆಯ ಮೇಲ್ವಿಚಾರಣೆ ಮಾಡುವ ಸೆಬಿ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ಮಧ್ಯಂತರ ಆದೇಶ ಹೊರಡಿಸಿತು. ಕಲಿಯಲು ಬಂದವರಿಂದ ಸಂಗ್ರಹವಾದ ಸುಮಾರು 17 ಕೋಟಿ ರೂಪಾಯಿಯನ್ನು ಜಪ್ತಿ ಮಾಡಬೇಕೆಂದಿತು. ಅದೇ ಆದೇಶದಲ್ಲಿ ಇನ್ನೊಂದು ಸಂಗತಿ ಇತ್ತು: 2021ರ ಜನವರಿಯಿಂದ 2023ರ ಜುಲೈವರೆಗೆ ಆತನ ಸ್ವಂತ ಟ್ರೇಡಿಂಗ್‌ನಲ್ಲಿ ಆಗಿದ್ದುದು ನಷ್ಟ, ಸುಮಾರು 3 ಕೋಟಿ. ಮಾತಿನಲ್ಲಿ ಗಳಿಸಿದ, ವ್ಯಾಪಾರದಲ್ಲಿ ಕಳೆದ. ಆ ಅಕ್ಕ ಕೇಳಿದ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನಮಗೆ ಸಿಕ್ಕಿಲ್ಲ.

ಇನ್ನೊಬ್ಬ ದಕ್ಷಿಣ ಕೊರಿಯಾದ ಡೋ ಕ್ವಾನ್. ಟೆರಾ, ಲೂನಾ ಎಂಬ ನಾಣ್ಯಗಳನ್ನು ಮಾಡಿದವನು. 2021ರಲ್ಲಿ ಫ್ರಾನ್ಸಿಸ್ ಕೊಪ್ಪೋಲ ಎಂಬ ಬ್ರಿಟಿಷ್ ಅರ್ಥಶಾಸ್ತ್ರ ಲೇಖಕಿ, ಈ ಥರದ ನಾಣ್ಯ ನಿಲ್ಲುವುದಿಲ್ಲ, ಜನ ಗಾಬರಿಯಾಗಿ ಓಡಿದರೆ ಕುಸಿಯುತ್ತದೆ ಎಂದು ಬರೆದರು. ಅದಕ್ಕೆ ಅವನು ಲೆಕ್ಕದಿಂದ ಉತ್ತರ ಕೊಡಲಿಲ್ಲ. ಬಡವರ ಜೊತೆ ನಾನು ವಾದ ಮಾಡುವುದಿಲ್ಲ, ಈಗ ಅವಳಿಗೆ ಕೊಡಲು ಚಿಲ್ಲರೆ ಇಲ್ಲ ಎಂಬರ್ಥದ ಮಾತು ಎಲ್ಲರೆದುರು ಬರೆದ. ಅವನ ಅಭಿಮಾನಿಗಳು ಚಪ್ಪಾಳೆ ಹೊಡೆದರು. 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಸುಮಾರು 40 ಬಿಲಿಯನ್, ಅಂದರೆ ನಾಲ್ಕು ಸಾವಿರ ಕೋಟಿ ಡಾಲರ್ ಬೆಲೆ ಕರಗಿ ಹೋಯಿತು. ಅವನು 2025ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ, ಡಿಸೆಂಬರ್‌ನಲ್ಲಿ 15 ವರ್ಷ ಜೈಲು ಶಿಕ್ಷೆಯಾಯಿತು. ನಮಗೆ ಇದನ್ನು ಓದಿದಾಗ ನೆನಪಾದದ್ದು ನಮ್ಮ ಸಂಘದ ಆ ಮೌನಿ ಹೆಣ್ಣುಮಗಳು, ಮತ್ತು ಆ ಗೊಳ್ಳೆಂದ ನಗು.

ಪ್ರಭಾವವನ್ನು ಕದಿಯುವವರೂ ಇದ್ದಾರೆ. ಇನ್ಫೋಸಿಸ್ ಸ್ಥಾಪಕರಾದ ನಾರಾಯಣ ಮೂರ್ತಿಯವರ ಮುಖ, ದನಿ ಎರಡನ್ನೂ ಕಂಪ್ಯೂಟರಿನಲ್ಲಿ ಸೃಷ್ಟಿಸಿ, ಅವರೇ ಬಿಟ್‌ಕಾಯಿನ್ ಟ್ರೇಡಿಂಗ್ ಆಪ್‌ಗಳನ್ನು ಮೆಚ್ಚಿ ಮಾತಾಡಿದಂತೆ ವಿಡಿಯೋ ಹರಿಯಬಿಟ್ಟರು. 2023ರ ಡಿಸೆಂಬರ್‌ನಲ್ಲಿ ಅವರೇ, ಇದು ಸುಳ್ಳು, ನನಗೂ ಇವಕ್ಕೂ ಸಂಬಂಧವಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕಾಯಿತು. ಅಂಥವರು ಹೇಳಿದ ಮೇಲೆ ಸುಳ್ಳಿರುತ್ತಾ ಎಂದು ನಾವು ಯೋಚಿಸುತ್ತೇವಲ್ಲ, ಅದನ್ನೇ ಬಳಸಿಕೊಂಡರು. ಫೋನಿನಲ್ಲಿ ಕಂಡ ಮುಖವೂ ಈಗ ಸಾಕ್ಷಿಯಲ್ಲ.

ಕಾನೂನು ಏನು ಹೇಳುತ್ತದೆ ಎಂದು ನೀವು ಕೇಳುತ್ತೀರಿ. ನಮ್ಮ ದೇಶದಲ್ಲಿ ಕ್ರಿಪ್ಟೋ ಕೊಳ್ಳುವುದು ಅಪರಾಧವಲ್ಲ, ಆದರೆ ಅದು ಸರ್ಕಾರ ಮಾನ್ಯ ಮಾಡಿದ ಹಣವೂ ಅಲ್ಲ. 2022ರಿಂದ ಲಾಭದ ಮೇಲೆ ನೂರಕ್ಕೆ 30 ತೆರಿಗೆ ಇದೆ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲಿಕ್ಕೆ ಬರುವುದಿಲ್ಲ. ಆ ತೆರಿಗೆ ಹೋಗುವುದು ಸರ್ಕಾರಕ್ಕೆ. 'ಮೊದಲು ತೆರಿಗೆ ನಮಗೆ ಕಟ್ಟಿ, ಆಮೇಲೆ ನಿಮ್ಮ ಹಣ' ಎಂದು ಆಪ್ ಕೇಳಿದರೆ ಅದು ಮೋಸವೇ. ನೋಂದಾಯಿತ ಕಂಪನಿಗಳೂ ಪೂರ್ತಿ ಭದ್ರವಲ್ಲ. ವಜೀರ್‌ಎಕ್ಸ್ ಎಂಬ ದೊಡ್ಡ ವೇದಿಕೆಯಿಂದ 2024ರ ಜುಲೈನಲ್ಲಿ ಸುಮಾರು 2,000 ಕೋಟಿ ರೂಪಾಯಿ ಬೆಲೆಯ ಕ್ರಿಪ್ಟೋ ಕಳುವಾಯಿತು. ಅದರಲ್ಲಿ ಕ್ರಿಪ್ಟೋ ಇಟ್ಟಿದ್ದವರು ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದರು. ಬ್ಯಾಂಕಿನ ಠೇವಣಿಗೆ ಇರುವಂಥ ವಿಮೆ ಇದಕ್ಕಿಲ್ಲ.

ಬಿಐಎಸ್ ಎಂಬ ಅಂತರರಾಷ್ಟ್ರೀಯ ಬ್ಯಾಂಕು 2022ರಲ್ಲಿ 95 ದೇಶಗಳ ಮಾಹಿತಿ ಇಟ್ಟುಕೊಂಡು ಅಧ್ಯಯನ ಮಾಡಿತು. ಆಪ್ ಮೂಲಕ ಬಿಟ್‌ಕಾಯಿನ್‌ಗೆ ಬಂದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ನಷ್ಟದಲ್ಲಿರಬೇಕು ಎಂದಿತು. ಬೆಲೆ ಏರುತ್ತಿದ್ದಾಗ ಸಣ್ಣವರು ಕೊಳ್ಳುತ್ತಿದ್ದರು, ದೊಡ್ಡವರು ಅದೇ ಹೊತ್ತಿಗೆ ಮಾರುತ್ತಿದ್ದರು ಎಂದೂ ಅದರಲ್ಲಿದೆ. ಅರಳಿಕಟ್ಟೆಯ ಕಥೆಯೇ, ಕಟ್ಟೆ ದೊಡ್ಡದು ಅಷ್ಟೇ.

ಈಗ ನಮ್ಮ ತಪ್ಪಿನ ಮಾತು. ಆ ಸಂಘದಲ್ಲಿ ಆಪ್ ವಿಷಯ ಬಂದ ಎರಡು ವಾರದ ನಂತರ ನಾವೇ ಅಲ್ಲಿಗೆ ಭೇಟಿ ಕೊಟ್ಟಿದ್ದೆವು. ನಡಾವಳಿ ಪುಸ್ತಕ ನೋಡಿದೆವು. ಒಂದೇ ವಾರ ಮೂರು ಹಸು ಎಂದು ಕಂಡಾಗ, ಹಸು ಎಲ್ಲಿ ಕಟ್ಟಿದ್ದೀರಿ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆ ಅಕ್ಕ ಅಂದು ಚೆನ್ನಾಗಿ ಮಾತಾಡಿದಳು, ನಾವು "ಭೇಷ್" ಎಂದು ಬೆನ್ನು ತಟ್ಟಿ ಬಂದೆವು. ನಾವು ನಿಮಗೆ ಮಾತಾಡಲು ಕಲಿಸಿದೆವು, ಗಟ್ಟಿಯಾಗಿ ಮಾತಾಡಿದವರಿಗೆ ಶಾಲು ಹೊದಿಸಿದೆವು. ಮೆಲ್ಲಗೆ ಕೇಳಿದವರಿಗೆ ಯಾವತ್ತೂ ಶಾಲು ಹೊದಿಸಲಿಲ್ಲ. ಎಂಎಸ್‌ಡಬ್ಲ್ಯೂ ಓದುವಾಗ ಗುಂಪಿನ ನಾಯಕತ್ವದ ಬಗ್ಗೆ ಪುಟಗಟ್ಟಲೆ ಬರೆದವರು ನಾವು!

ಗ್ರಾಮಸಭೆಯಲ್ಲಿ ಆಕೆಯ ಮಾತು ಗೆದ್ದದ್ದು ದನಿಯಿಂದ ಮಾತ್ರ ಅಲ್ಲ. ಕೈಯಲ್ಲಿ ಬಿಲ್ಲು ಇತ್ತು. ಆಪ್ ವಿಷಯದಲ್ಲಿ ದನಿ ಇತ್ತು, ಬಿಲ್ಲು ಇರಲಿಲ್ಲ. ಅದಕ್ಕೆ ಈಗ ಆ ಸಂಘದವರು ಒಂದು ಠರಾವು ಮಾಡಿದ್ದಾರೆ. ಯಾರೇ ಆಗಲಿ, ಪ್ರತಿನಿಧಿಯಾಗಲಿ, ಪ್ರೇರಕಿಯಾಗಲಿ, ನಾವೇ ಆಗಲಿ, ಇದರಲ್ಲಿ ಲಾಭ ಇದೆ ಎಂದು ಹಣದ ವಿಷಯ ತಂದರೆ, ಮೊದಲು ತಮ್ಮ ಬ್ಯಾಂಕ್ ಪಾಸ್‌ಬುಕ್ ತೋರಿಸಬೇಕು. ಫೋನಿನ ಪರದೆಯಲ್ಲ, ಪಾಸ್‌ಬುಕ್. ಎಷ್ಟು ಹಾಕಿದರು, ಎಷ್ಟು ವಾಪಸ್ ಬಂತು. ನಮ್ಮನ್ನು ಸೇರಿಸಿದರೆ ಅವರಿಗೆ ಏನು ಸಿಗುತ್ತದೆ ಎಂದೂ ಹೇಳಬೇಕು. ಆಮೇಲೆ ಎರಡು ವಾರ ಬಿಟ್ಟೇ ತೀರ್ಮಾನ. ಆಂತರಿಕ ಸಾಲದಿಂದ ಇಂಥದಕ್ಕೆ ಒಂದು ರೂಪಾಯಿಯೂ ಇಲ್ಲ. ನಿಮ್ಮ ಸಂಘಗಳಲ್ಲೂ ಇದನ್ನು ಓದಿ, ಸರಿ ಕಂಡರೆ ಬರೆದುಕೊಳ್ಳಿ.

ಈಗಾಗಲೇ ಯಾರಾದರೂ ಹಾಕಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ. 1930 ಎಂಬ ನಂಬರಿಗೆ ಕೂಡಲೇ ಫೋನ್ ಮಾಡಿ. ಹಣ ಹೋದ ಮೊದಲ ಗಂಟೆಗಳಲ್ಲಿ ತಿಳಿಸಿದರೆ ಮುಂದಿನ ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ದಿನ ಕಳೆದಷ್ಟೂ ಕಷ್ಟ. ದಾವಣಗೆರೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಹಣ ಕಳಿಸಿದ ರಸೀದಿ, ಸಂದೇಶ, ನಂಬರು ಯಾವುದನ್ನೂ ಅಳಿಸಬೇಡಿ. ಹೋದದ್ದನ್ನು ವಾಪಸ್ ತರಿಸಿಕೊಡ್ತೀವಿ, ಫೀಸು ಕೊಡಿ ಎಂದು ಫೋನ್ ಮಾಡುವವರು ಎರಡನೇ ಕಳ್ಳರು. ನಮ್ಮ ಸಂಘದವರು ತಡವಾಗಿ ಹೋದರು. ದೂರು ದಾಖಲಾಗಿದೆ, ಹಣ ಬಂದಿಲ್ಲ.

ಆ ಅಕ್ಕನ ವಿಷಯ ಕೇಳುತ್ತೀರಿ. ಆಕೆಯ ಮನೆ ಮುಂದೆ ನಿಂತು ಬೈದವರು ಇದ್ದರು. ಒಂದು ವರ್ಷ ಸಭೆಗೆ ಬರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವಷ್ಟೂ ಮಾತಿರಲಿಲ್ಲ. ಆದರೂ ಆ ಮೂವರ ಆಂತರಿಕ ಸಾಲದಲ್ಲಿ ತನ್ನ ಪಾಲು ಎಂದು ತಿಂಗಳಿಗೆ 500 ರೂಪಾಯಿ ಮಗಳ ಕೈಯಲ್ಲಿ ಕಳಿಸುತ್ತಾಳೆ, ಯಾರೂ ಕೇಳಿರಲಿಲ್ಲ. ಅಂದು ಪ್ರಶ್ನೆ ಕೇಳಿ ನಗೆಗೀಡಾದ ಹೆಣ್ಣುಮಗಳೇ ಈಗ ಸಂಘದ ಲೆಕ್ಕ ಬರೆಯುತ್ತಾಳೆ. ಹೋದ ವಾರ ಅವಳು ಪುಸ್ತಕ ಹಿಡಿದುಕೊಂಡು ಆ ಅಕ್ಕನ ಮನೆಗೆ ಹೋದಳು. "ನೀನು ಕಟ್ಟಿದ್ದು ಸರಿಯಾಗಿ ಬರೆದಿದ್ದೀನಾ, ಒಂದ್ಸಲ ನೋಡಕ್ಕಾ" ಅಂದಳಂತೆ. ಇಬ್ಬರೂ ಕೂತು ಲೆಕ್ಕ ನೋಡಿದರಂತೆ, ಒಂದು ಕಡೆ ಐವತ್ತು ರೂಪಾಯಿ ತಪ್ಪಿತ್ತು, ಅಕ್ಕನೇ ಹಿಡಿದಳಂತೆ. ಮುಂದಿನ ಸಭೆ ಗುರುವಾರ. ಬರ್ತೀನಿ ಅಂತ ಹೇಳಿಲ್ಲ. ಬರಲ್ಲ ಅಂತಾನೂ ಹೇಳಿಲ್ಲ.